ವತನದ ಹೊಲದಲ್ಲಿ ಮಗಳ ಪಾಲು

ಪ್ರಶ್ನೆ: ನನ್ನ ತವರು ಅಥಣಿ ತಾಲ್ಲೂಕು. 1988ರಲ್ಲಿ ಹಾರೂಗೇರಿಗೆ ಮದುವೆ ಮಾಡಿಕೊಟ್ಟರು. ತವರಿನ ಹೊಲ ಅಜ್ಜನ ಕಾಲದ ಪಾಟೀಲಕಿ ವತನದ್ದು. ಅಪ್ಪ 2009ರಲ್ಲಿ ತೀರಿಕೊಂಡ ಮೇಲೆ ಅಣ್ಣಂದಿರು ವರ್ದಿ ಕೊಟ್ಟು ಉತಾರದಲ್ಲಿ ತಮ್ಮ ಹೆಸರಷ್ಟೇ ಏರಿಸಿಕೊಂಡರು. ‘ವತನದ ಹೊಲ ಹೆಣ್ಣುಮಕ್ಕಳಿಗಿಲ್ಲ’ ಎನ್ನುತ್ತಾರೆ. ಈಗ ಹಕ್ಕುಸೋಡ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಒಲ್ಲೆ ಎಂದರೆ ಪಂಚಮಿಗೆ ಕರೆಯುವುದನ್ನೇ ಬಿಟ್ಟಾರೆಂಬ ಭಯ.
– ಓದುಗರು, ಹಾರೂಗೇರಿ

ಉತ್ತರ: ಪಾಲು ಕೈತಪ್ಪಿತೇ ಎಂಬುದು ನಿಮ್ಮ ಒಂದು ಚಿಂತೆ, ಕೇಳಿದರೆ ತವರೇ ತಪ್ಪೀತೇ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದೆಂದು ನಿಮ್ಮ ಪತ್ರ ಓದಿದರೆ ತಿಳಿಯುತ್ತದೆ. ಮೊದಲು ಧೈರ್ಯ ತಂದುಕೊಳ್ಳಿ. ಉತಾರದಲ್ಲಿ (ಪಹಣಿ) ಹೆಸರಿಲ್ಲವೆಂದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ.

ಅಣ್ಣಂದಿರ ಮಾತು ಪೂರ್ತಿ ಕಟ್ಟುಕತೆಯಲ್ಲ. ವತನವೆಂದರೆ ಗೌಡಕಿ, ಕುಲಕರ್ಣಿಕಿಯಂಥ ವಂಶಪಾರಂಪರ್ಯ ಸೇವೆಗೆ ಬಿಟ್ಟ ಆಸ್ತಿ. 1886ರಲ್ಲಿ ಮುಂಬಯಿ ಸರ್ಕಾರ ತಂದ ಕಾಯ್ದೆಯ ಪ್ರಕಾರ, ಕೊನೆಯ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು ಮನೆತನದ ಉಳಿದ ಹೆಣ್ಣುಮಕ್ಕಳ ಸರದಿ ಗಂಡಸರೆಲ್ಲರ ನಂತರವೇ ಬರುತ್ತಿತ್ತು. ಮನೆಯ ಹಿರಿಯರು ಅದನ್ನೇ ಪದ್ಧತಿಯೆಂದು ಹೇಳುತ್ತ ಬಂದರು. ಆದರೆ ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಯಾಯಿತು, ವತನ ಮುಗಿಯಿತು. ಹೊಲ ಹಳೆಯ ವತನದಾರರಿಗೆ ಮರುಮಂಜೂರಾಯಿತು. ಇಂಥ ಮರುಮಂಜೂರಾತಿ ಒಬ್ಬನ ಹೆಸರಿಗಿದ್ದರೂ ಫಲ ಇಡೀ ಅವಿಭಕ್ತ ಕುಟುಂಬಕ್ಕೆ ಎಂದು 1982ರಲ್ಲಿ ನಾಗೇಶ ಬಿಷ್ಟೋ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹೀಗೆ ಕುಟುಂಬದ ಆಸ್ತಿಯಾದ ಹೊಲದಲ್ಲಿ ಮಗಳ ಪಾಲನ್ನು ಹೇಳುವುದು ಹಿಂದೂ ಉತ್ತರಾಧಿಕಾರ ಕಾಯ್ದೆ. ಅದಕ್ಕೆ ಕರ್ನಾಟಕ ತಂದ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟರೂ, ತಾನು ಜಾರಿಯಾಗುವ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ನಿಮ್ಮಂಥವರಿಗೆ ಅದು ನೋವಿನ ಮಾತೇ ಆಗಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಮಗಳ ಹಕ್ಕು ಹುಟ್ಟಿನಿಂದಲೇ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಾಟ್ನಿ ಪತ್ರ (ವಿಭಾಗಪತ್ರ), ಕೋರ್ಟಿನ ಡಿಕ್ರಿ ಇಲ್ಲವೇ ಮಾರಾಟ ಆಗಿದ್ದರೆ ಅದನ್ನು ಅಲುಗಾಡಿಸಲಾಗದು.

ಆದ್ದರಿಂದ ಸದ್ಯಕ್ಕೆ ಸಹಿ ಹಾಕಬೇಡಿ. ಹಕ್ಕುಸೋಡ (ಹಕ್ಕು ಬಿಡುಗಡೆ) ಪತ್ರ ಒಮ್ಮೆ ನೋಂದಣಿಯಾದರೆ ಹಿಂದಕ್ಕೆ ಪಡೆಯುವುದು ಬಲು ಕಷ್ಟ. ‘ಕಾಗದ ನೋಡಿ ಹೇಳುತ್ತೇನೆ ಅಣ್ಣಾ’ ಎನ್ನಿ, ಅಷ್ಟು ಕೇಳುವುದು ಜಗಳವಲ್ಲ. ತಹಶೀಲ್ದಾರ್ ಕಚೇರಿಯಿಂದ ಮರುಮಂಜೂರಾತಿ ಆದೇಶ, ಹಳೆಯ ಉತಾರಗಳು, ವರ್ದಿಯ (ಖಾತೆ ಬದಲಾವಣೆಗೆ ಕೊಟ್ಟ ವರದಿ) ನಕಲು ತೆಗೆಸಿ ವಕೀಲರಿಗೆ ತೋರಿಸಿ. ತಡ ಮಾಡಬೇಡಿ. ಅಣ್ಣಂದಿರ ಜೊತೆ ಕೂರುವಾಗ ಎರಡೂ ಕಡೆಯವರು ಗೌರವಿಸುವ ಹಿರಿಯರೊಬ್ಬರು ಇರಲಿ. ಎಲ್ಲ ತಿಳಿದ ಮೇಲೆ ಮನಸಾರೆ ಬಿಟ್ಟುಕೊಡುತ್ತೀರೆಂದರೆ ಅದು ನಿಮ್ಮ ಇಷ್ಟ.

ಪ್ರಶ್ನೆ: ಹಳೆಯ ಉತಾರದಲ್ಲಿ ದೊಡ್ಡಪ್ಪನ ಹೆಸರಿನ ಮುಂದೆ ‘ಏ.ಕು.ಮ್ಯಾ.’ ಎಂದಿದೆ. ಹೊಲ ಅವರೊಬ್ಬರದೇ ಆಯಿತೇ?
– ಓದುಗರು, ರಾಯಬಾಗ

ಉತ್ತರ: ಗಾಬರಿ ಬೇಡ, ಆ ಅಕ್ಷರಗಳು ನಿಮ್ಮ ಪರವಾಗಿಯೇ ಇವೆ. ಏಕತ್ರ ಕುಟುಂಬದ ಮ್ಯಾನೇಜರ್, ಎಂದರೆ ಕೂಡುಕುಟುಂಬದ ಪರವಾಗಿ ವ್ಯವಹಾರ ನೋಡುವ ಹಿರಿಯ. ಮುಂದಿನ ಉತಾರಗಳಲ್ಲಿ ಅದು ಯಾವ ವರ್ಷ ಬಿಟ್ಟುಹೋಯಿತು, ಯಾವ ನೋಂದಿನ ಮೇಲೆ ಬಿಟ್ಟರು ಎಂಬುದನ್ನು ಹುಡುಕಿ, ಆ ನೋಂದಿನ ದೃಢೀಕೃತ ನಕಲು ಪಡೆದುಕೊಳ್ಳಿ.