ಮತಯಾಚನೆಯ ಮಾತಿಗೆ ತೂಕವೆಷ್ಟು?

ಉಷ್ಣತೆಯನ್ನು ಅಳೆಯಲು ಉಷ್ಣತಾಮಾಪಕವಿದೆ. ತೂಕವನ್ನು ತಿಳಿಯಲು ತಕ್ಕಡಿಯಿದೆ. ಚುನಾವಣೆಯ ಕಾಲದಲ್ಲಿ ಮನೆಮನೆಗೆ ಬರುವ ಕರಪತ್ರದ ಪ್ರಭಾವವನ್ನು ಅಳೆಯಲು ಯಾವ ಉಪಕರಣವಿದೆ? ಗೆದ್ದ ಅಭ್ಯರ್ಥಿಯು ತನ್ನ ಮಾತೇ ತನ್ನನ್ನು ಗೆಲ್ಲಿಸಿತೆನ್ನುತ್ತಾನೆ. ಸೋತವನು ತನ್ನ ಮಾತು ಜನರನ್ನು ಮುಟ್ಟಲೇ ಇಲ್ಲವೆನ್ನುತ್ತಾನೆ. ಇವೆರಡೂ ಊಹೆಗಳೇ ಹೊರತು ಅಳತೆಗಳಲ್ಲ. ಅಳತೆಯೂ ಸಾಧ್ಯವೆಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಾಥಮಿಕ ಚುನಾವಣೆಗಳ ನಿದರ್ಶನದಿಂದ ತಿಳಿಯೋಣ.

ಪ್ರಾಥಮಿಕ ಚುನಾವಣೆ ಎಂದರೇನು?

ನಮ್ಮ ದೇಶದಲ್ಲಿ ವಿಧಾನಸಭೆಗೆ ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಪಕ್ಷದ ನಾಯಕರು ತೀರ್ಮಾನಿಸುತ್ತಾರೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಈ ಆಯ್ಕೆಯನ್ನೂ ಮತದಾರರೇ ಮಾಡುತ್ತಾರೆ. ಅಂತಿಮ ಚುನಾವಣೆಗೆ ಮೊದಲು ನಡೆಯುವ ಈ ಆಯ್ಕೆಗೆ ಪ್ರಾಥಮಿಕ ಚುನಾವಣೆಯೆಂದು ಹೆಸರು. ಇದರಲ್ಲಿ ಒಂದೇ ಪಕ್ಷದವರು ತಮ್ಮತಮ್ಮಲ್ಲಿ ಸ್ಪರ್ಧಿಸುವುದರಿಂದ, ಪಕ್ಷದ ಹೆಸರು ಮತದಾರನಿಗೆ ದಾರಿ ತೋರಿಸುವುದಿಲ್ಲ. ಅದರಲ್ಲಿಯೂ ರಾಜ್ಯ ಶಾಸನಸಭೆಯ ಸ್ಥಾನಕ್ಕೆ ನಿಂತವರು ಅನೇಕರಿಗೆ ಅಪರಿಚಿತರು. ಮತ ನೀಡಲು ಬರುವವರ ಸಂಖ್ಯೆಯೂ ಕಡಮೆ. ಇಂತಹ ಸಂದರ್ಭದಲ್ಲಿ ಒಂದು ಕರಪತ್ರಕ್ಕೆ, ಒಂದು ಒಳ್ಳೆಯ ಮಾತಿಗೆ ಹೆಚ್ಚಿನ ಬೆಲೆ ಬರುವುದು ಸಹಜ.

ಹೋಲಿಕೆಯ ತೊಡಕು

ಅಭ್ಯರ್ಥಿಯ ಕಾರ್ಯಕರ್ತರು ಒಂದು ಊರಿನ ಕೆಲವು ಮನೆಗಳಿಗೆ ಹೋಗಿ ಮಾತನಾಡಿದರೆನ್ನೋಣ. ಆ ಮನೆಯವರಲ್ಲಿ ಹೆಚ್ಚು ಮಂದಿ ಮತ ನೀಡಿದರೆ ಅದು ಮಾತಿನ ಫಲವೆಂದು ಹೇಳಬಹುದೆ? ಹೇಳಲಾಗದು. ಬಾಗಿಲು ತೆರೆದು ಕಾರ್ಯಕರ್ತನ ಮಾತಿಗೆ ಕಿವಿಗೊಡುವವನು ಚುನಾವಣೆಯಲ್ಲಿ ಮೊದಲೇ ಆಸಕ್ತನಾಗಿರಬಹುದು. ಯಾರೂ ಬಾರದಿದ್ದರೂ ಅವನು ಮತ ನೀಡುತ್ತಿದ್ದನೇನೋ! ಫಲವತ್ತಾದ ಗದ್ದೆಗೆ ಮಾತ್ರ ಹೊಸ ಗೊಬ್ಬರ ಹಾಕಿ, ಬೆಳೆ ಚೆನ್ನಾಗಿ ಬಂದಿತೆಂದು ಗೊಬ್ಬರವನ್ನು ಹೊಗಳಿದಂತೆ ಇದು.

ಈ ತೊಡಕಿಗೆ ಪರಿಹಾರ ದೊರೆತದ್ದೂ ಹೊಲದಲ್ಲಿಯೇ. ಇಂಗ್ಲೆಂಡಿನ ರಾತಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರವನ್ನು 1919ರಲ್ಲಿ ಸೇರಿದ ಆರ್. ಎ. ಫಿಷರ್ ಎಂಬ ಸಂಖ್ಯಾಶಾಸ್ತ್ರಜ್ಞನು, ಯಾವ ತುಂಡು ಭೂಮಿಗೆ ಯಾವ ಗೊಬ್ಬರವೆಂಬುದನ್ನು ಪ್ರಯೋಗಕಾರನ ಇಚ್ಛೆಗೆ ಬಿಡದೆ ಚೀಟಿ ಎತ್ತಿ ನಿರ್ಧರಿಸಬೇಕೆಂದು ತೋರಿಸಿದನು. ಆಗ ಒಳ್ಳೆಯ ನೆಲವೂ ಕೆಟ್ಟ ನೆಲವೂ ಎರಡು ಪಾಲುಗಳಲ್ಲಿ ಸರಿಸುಮಾರಾಗಿ ಸಮನಾಗಿ ಹಂಚಿಹೋಗುತ್ತವೆ. ಮತದಾರರ ವಿಷಯದಲ್ಲಿಯೂ ನಿಯಮ ಇದೇ. ಪಟ್ಟಿಯಲ್ಲಿರುವ ಮನೆಗಳನ್ನು ಚೀಟಿಯಿಂದ ವಿಂಗಡಿಸಿ, ಒಂದು ಗುಂಪಿಗೆ ಪತ್ರ ಕಳುಹಿಸಿ, ಇನ್ನೊಂದಕ್ಕೆ ಏನನ್ನೂ ಕಳುಹಿಸದೆ, ಕೊನೆಗೆ ಎರಡನ್ನೂ ಹೋಲಿಸಬೇಕು.

ಮಿಷಿಗನ್ ರಾಜ್ಯದ ಪ್ರಯೋಗ

ಆಲನ್ ಗರ್ಬರ್, ಡೊನಾಲ್ಡ್ ಗ್ರೀನ್ ಮತ್ತು ಕ್ರಿಸ್ಟೊಫರ್ ಲಾರಿಮರ್ ಎಂಬ ವಿದ್ವಾಂಸರು 2006ರ ಆಗಸ್ಟ್ ತಿಂಗಳಿನಲ್ಲಿ ಮಿಷಿಗನ್ ರಾಜ್ಯದ ಪ್ರಾಥಮಿಕ ಚುನಾವಣೆಯಲ್ಲಿ ಇಂತಹ ಪ್ರಯೋಗವನ್ನು ನಡೆಸಿ, 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪ್ರಯೋಗದಲ್ಲಿದ್ದ ಮನೆಗಳು ಸುಮಾರು 1,80,000. ಸುಮಾರು 80,000 ಮನೆಗಳಿಗೆ ನಾಲ್ಕು ಬಗೆಯ ಪತ್ರಗಳಲ್ಲಿ ಒಂದೊಂದು ಹೋಯಿತು. ಉಳಿದವುಗಳಿಗೆ ಯಾವ ಪತ್ರವೂ ಹೋಗಲಿಲ್ಲ. ಪತ್ರಗಳು ಯಾವ ಅಭ್ಯರ್ಥಿಯ ಪರವಾಗಿಯೂ ಇರಲಿಲ್ಲ. ಮತ ನೀಡಿರೆಂದಷ್ಟೆ ಕೇಳುತ್ತಿದ್ದವು. ಯಾರಿಗೆ ಮತ ನೀಡಿದರೆಂಬುದು ಅಮೆರಿಕದಲ್ಲಿಯೂ ಗುಟ್ಟು. ಆದರೆ ಮತ ನೀಡಿದರೋ ಇಲ್ಲವೋ ಎಂಬುದು ಅಲ್ಲಿ ಸಾರ್ವಜನಿಕ ದಾಖಲೆ. ಆದುದರಿಂದ ಯಾರನ್ನೂ ಪ್ರಶ್ನಿಸದೆ ಫಲಿತಾಂಶವನ್ನು ಎಣಿಸಲು ಸಾಧ್ಯವಾಯಿತು.

ಪತ್ರ ಬಾರದ ಗುಂಪಿನಲ್ಲಿ ಶೇಕಡ 29.7 ಮಂದಿ ಮತ ನೀಡಿದರು. ಮತದಾನವು ಪೌರನ ಕರ್ತವ್ಯವೆಂದು ನೆನಪಿಸಿದ ಮೊದಲ ಪತ್ರದಿಂದ ಈ ಸಂಖ್ಯೆ 31.5 ಆಯಿತು. ನಿಮ್ಮ ಮತದಾನವನ್ನು ಅಧ್ಯಯನಕ್ಕಾಗಿ ಗಮನಿಸುತ್ತಿದ್ದೇವೆಂದ ಎರಡನೆಯದರಿಂದ 32.2. ಆ ಮನೆಯವರಲ್ಲಿ ಹಿಂದೆ ಯಾರು ಮತ ನೀಡಿದ್ದರು, ಯಾರು ನೀಡಿರಲಿಲ್ಲವೆಂಬುದನ್ನು ತೋರಿಸಿದ ಮೂರನೆಯದರಿಂದ 34.5. ಇದರೊಡನೆ ನೆರೆಹೊರೆಯವರ ವಿವರವನ್ನೂ ಮುದ್ರಿಸಿದ ನಾಲ್ಕನೆಯದರಿಂದ 37.8. ಕೊನೆಯ ಪತ್ರದಿಂದ ನೂರಕ್ಕೆ 8 ಮಂದಿ ಹೆಚ್ಚಾಗಿ ಮತ ನೀಡಿದಂತಾಯಿತು. ಕರ್ತವ್ಯದ ಉಪದೇಶಕ್ಕಿಂತ ನೆರೆಯವರ ಕಣ್ಣಿಗೆ ಬೀಳುವ ಸಂಕೋಚ ಬಲವಾಗಿತ್ತು.

ಸಂಖ್ಯೆಯ ಬಲ

ಇಷ್ಟು ದೊಡ್ಡ ಪ್ರಯೋಗ ಏಕೆ ಬೇಕಾಯಿತು? ಚೀಟಿಯಿಂದ ವಿಂಗಡಿಸಿದರೂ ಎರಡು ಗುಂಪುಗಳು ಪೂರ್ಣವಾಗಿ ಸಮನಾಗುವುದಿಲ್ಲ. ನಾಣ್ಯವನ್ನು 100 ಸಲ ಚಿಮ್ಮಿದರೆ ಪ್ರತಿ ಬಾರಿಯೂ 50 ಸಲ ರಾಜನೇ ಬೀಳುವುದಿಲ್ಲವಷ್ಟೆ. ಈ ಆಕಸ್ಮಿಕ ಏರುಪೇರಿನ ಅಳತೆಗೆ ಮಾನಕ ದೋಷವೆನ್ನುತ್ತಾರೆ. ಗುಂಪಿನಲ್ಲಿ ಮತ ನೀಡುವವರ ಅಂಶ ಪ, ಗುಂಪಿನ ಸಂಖ್ಯೆ ನ ಆದರೆ, ಸಮಾನ ಗಾತ್ರದ ಎರಡು ಗುಂಪುಗಳ ವ್ಯತ್ಯಾಸದ ಮಾನಕ ದೋಷವು ಸುಮಾರಾಗಿ 2 × ಪ × (1 − ಪ) ÷ ನ ಎಂಬುದರ ವರ್ಗಮೂಲ.

ಪ = 0.3, ನ = 400 ಎಂದಿಟ್ಟುಕೊಳ್ಳೋಣ. ಆಗ 0.42 ÷ 400 = 0.00105. ಇದರ ವರ್ಗಮೂಲ ಸುಮಾರು 0.032, ಎಂದರೆ ನೂರಕ್ಕೆ 3.2. ಮೊದಲ ಪತ್ರದ ನಿಜವಾದ ಪರಿಣಾಮವಾದರೋ ನೂರಕ್ಕೆ 1.8 ಮಾತ್ರ! ಸಂತೆಯ ಗದ್ದಲದಲ್ಲಿ ಪಿಸುಮಾತಿನಂತೆ ಅದು ಅಡಗಿಹೋಗುತ್ತದೆ. ದೋಷವನ್ನು 0.9ಕ್ಕೆ, ಎಂದರೆ ಪರಿಣಾಮದ ಅರ್ಧಕ್ಕೆ, ಇಳಿಸಬೇಕಾದರೆ ಒಂದೊಂದು ಗುಂಪಿಗೂ ಸುಮಾರು 5,200 ಮಂದಿ ಬೇಕು. ದೋಷವು ಅರ್ಧವಾಗಬೇಕಾದರೆ ಜನರ ಸಂಖ್ಯೆ ನಾಲ್ಕರಷ್ಟಾಗಬೇಕೆಂಬುದನ್ನು ವಿದ್ಯಾರ್ಥಿಗಳು ಸೂತ್ರದಿಂದಲೇ ಕಂಡುಕೊಳ್ಳಬಹುದು.

ಈಗ ರಾಜ್ಯ ಶಾಸನಸಭೆಗಳ ಅಭ್ಯರ್ಥಿಯ ಕಷ್ಟ ಸ್ಪಷ್ಟವಾಗುತ್ತದೆ. ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕೆಳಮನೆಯಲ್ಲಿ 400 ಸದಸ್ಯರು. 2020ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 13.8 ಲಕ್ಷ, ಸರಾಸರಿ 3,400 ಜನರಿಗೆ ಒಬ್ಬ ಸದಸ್ಯ. ಇಂತಹ ಕ್ಷೇತ್ರದಲ್ಲಿ 10,400 ಮತದಾರರನ್ನು ಎಲ್ಲಿಂದ ತರುವುದು? ಅಲ್ಲಿ ಒಂದೇ ಕ್ಷೇತ್ರದ ಪರೀಕ್ಷೆಯಿಂದ “ಈ ಮಾತು ಫಲಿಸಿತು” ಎಂದು ಸಾರುವವರನ್ನು ಸುಲಭವಾಗಿ ನಂಬಬಾರದು. ಅನೇಕ ಕ್ಷೇತ್ರಗಳಲ್ಲಿ ಒಂದೇ ಪ್ರಯೋಗವನ್ನು ನಡೆಸಿ ಫಲಿತಾಂಶಗಳನ್ನು ಕೂಡಿಸುವುದೇ ಸರಿಯಾದ ದಾರಿ.

ಮನಸ್ಸು ತಿರುಗುತ್ತದೆಯೆ?

ಮತಗಟ್ಟೆಗೆ ಕರೆತರುವುದು ಒಂದು. ಒಬ್ಬ ಅಭ್ಯರ್ಥಿಯ ಕಡೆಗೆ ಮನಸ್ಸನ್ನು ತಿರುಗಿಸುವುದು ಇನ್ನೊಂದು. ಎರಡನೆಯದು ದಾಖಲೆಯಲ್ಲಿ ಸಿಕ್ಕದಾದುದರಿಂದ ಬಹುಮಟ್ಟಿಗೆ ಮತದಾರರನ್ನೇ ಕೇಳಿ ತಿಳಿಯಬೇಕಾಗುತ್ತದೆ. ಜೋಷುವ ಕಲ್ಲಾ ಮತ್ತು ಡೇವಿಡ್ ಬ್ರೂಕ್‌ಮನ್ 2018ರಲ್ಲಿ 49 ಕ್ಷೇತ್ರಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಂತಿಮ ಚುನಾವಣೆಗಳಲ್ಲಿ ಪ್ರಚಾರದಿಂದ ಜನರ ಆಯ್ಕೆ ಬದಲಾಗುವ ಪ್ರಮಾಣ ಸರಾಸರಿಯಲ್ಲಿ ಸೊನ್ನೆಯೆಂದು ಕಂಡಿತು. ಪಕ್ಷದ ಹೆಸರಿನ ಸೂಚನೆಯಿಲ್ಲದ ಪ್ರಾಥಮಿಕ ಚುನಾವಣೆಗಳಲ್ಲಾದರೆ ಪರಿಣಾಮ ಕಂಡುಬಂದಿತು. ಮತದಾನಕ್ಕೆ ಬಹಳ ಮುಂಚೆ ಆಡಿದ ಮಾತಿನ ಪ್ರಭಾವವು ದಿನ ಕಳೆದಂತೆ ಕುಗ್ಗುತ್ತದೆಂದೂ ಅವರು ತೋರಿಸಿದರು. ಹೀಗಾಗಿ ಅಂದೇ ತೆಗೆದ ಅಳತೆಯನ್ನು ಮತದಾನದ ದಿನದ ಅಳತೆಯೆಂದು ಭಾವಿಸಲಾಗದು.

ಕೊನೆಯದಾಗಿ ಒಂದು ಮಾತು. ನಾಲ್ಕನೆಯ ಪತ್ರವೇ ಎಲ್ಲಕ್ಕಿಂತ ಪರಿಣಾಮಕಾರಿಯಾಗಿತ್ತು. ಆದುದರಿಂದ ಅದನ್ನೇ ಎಲ್ಲರಿಗೂ ಕಳುಹಿಸಬೇಕೆ? ನೆರೆಯವರೆದುರು ನಾಚಿಸಿ ಮತ ಪಡೆಯುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದೇ ಎಂಬ ಪ್ರಶ್ನೆಗೆ ಮಾನಕ ದೋಷದ ಸೂತ್ರದಲ್ಲಿ ಉತ್ತರವಿಲ್ಲ. ಎಷ್ಟು ಮಂದಿ ಕದಲಿದರೆಂಬುದನ್ನು ವಿಜ್ಞಾನವು ಅಳೆದು ಕೊಡಬಲ್ಲುದು; ಅವರನ್ನು ಹಾಗೆ ಕದಲಿಸಬಹುದೆ ಎಂಬುದನ್ನು ಪೌರರಾದ ನಾವೇ ವಿಚಾರಮಾಡಿ ತೀರ್ಮಾನಿಸಬೇಕು.