ಶಪಥಪತ್ರವೂ ಮದುವೆಯ ಪುರಾವೆಯೂ

ಛಾಪಾ ಕಾಗದದ ಮೇಲೆ ಬರೆದು ನೋಟರಿಯ ಮೊಹರು ಹಾಕಿಸಿದ ಮಾತನ್ನು ಯಾರೂ ಅಲ್ಲಗಳೆಯಲಾರರೆಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿದೆ. ಮದುವೆಯ ಮಟ್ಟಿಗೆ ಈ ನಂಬಿಕೆ ಎಷ್ಟು ಸರಿ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಜನರ ಬಾಯಲ್ಲಿ 'ಅಫಿಡವಿಟ್ಟು' ಎನಿಸಿಕೊಳ್ಳುವ ಶಪಥಪತ್ರವು, ತನಗೆ ತಿಳಿದ ಸಂಗತಿ ನಿಜವೆಂದು ಒಬ್ಬನು ಅಧಿಕಾರವುಳ್ಳವರ ಮುಂದೆ ಪ್ರಮಾಣ ಮಾಡಿ ರುಜು ಹಾಕಿದ ಹೇಳಿಕೆ. ನೋಟರಿಯು ಆ ಪ್ರಮಾಣಕ್ಕೂ ರುಜುವಿಗೂ ಸಾಕ್ಷಿಯೇ ಹೊರತು ಒಳಗಿನ ಸಂಗತಿಗಲ್ಲ. 1872ರ ಸಾಕ್ಷ್ಯ ಕಾಯಿದೆಯು ತನ್ನ ಮೊದಲನೆಯ ಕಲಮಿನಲ್ಲಿಯೇ ಶಪಥಪತ್ರಗಳನ್ನು ಹೊರಗಿಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹಾಗೆಯೇ ಮಾಡಿದೆ. ಸಿವಿಲ್ ನ್ಯಾಯಾಲಯವು ಅಪ್ಪಣೆ ಕೊಟ್ಟರೆ ಮಾತ್ರ ಸಂಗತಿಯೊಂದನ್ನು ಶಪಥಪತ್ರದಿಂದ ರುಜುವಾತುಪಡಿಸಬಹುದು. ಆಗಲೂ ಬರೆದವರು ಪಾಟೀಸವಾಲಿಗೆ ಸಿದ್ಧರಿರಬೇಕು.

ಇನ್ನು ಮದುವೆಯ ವಿಚಾರ. 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಕಲಮಿನಂತೆ, ವಧೂವರರಲ್ಲಿ ಒಬ್ಬರ ಕಡೆಯ ರೂಢಿಯ ಶಾಸ್ತ್ರಗಳಾದರೂ ನಡೆಯಬೇಕು. ಸಪ್ತಪದಿಯ ರೂಢಿಯಿದ್ದಲ್ಲಿ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ. 1954ರ ವಿಶೇಷ ವಿವಾಹ ಕಾಯಿದೆಯಲ್ಲಿ 30 ದಿನಗಳ ನೋಟೀಸು, ಮೂವರು ಸಾಕ್ಷಿಗಳು, ಕೊನೆಗೆ ವಿವಾಹಾಧಿಕಾರಿ ಕೊಡುವ ಸರ್ಟಿಫಿಕೇಟು. ಎರಡರಲ್ಲಿಯೂ ಬರಿಯ ಶಪಥಪತ್ರದಿಂದ ದಂಪತಿಗಳಾಗುವ ದಾರಿಯಿಲ್ಲ. ಶಾಸ್ತ್ರವೇ ನಡೆಯದ ಹಿಂದೂ ವಿವಾಹವು ನೋಂದಣಿಯಿಂದಲೂ ಸಿಂಧುವಾಗದೆಂದು 2024ರಲ್ಲಿ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠ ತೀರ್ಪಿತ್ತಿತು. ನೋಂದಣಿಗೇ ಇಲ್ಲದ ಶಕ್ತಿ ಶಪಥಪತ್ರಕ್ಕೆ ಬರುವುದೆಲ್ಲಿಂದ?

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದಕಾರಣ ಓಣಿಯವರ ಕಾಗದಪತ್ರಗಳು ನನ್ನ ಮುಂದೆ ಬರುತ್ತವೆ. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ಪಿಂಚಣಿಗಾಗಿ ಒಂದು ಕಚೇರಿಗೆ ಶಪಥಪತ್ರ ಕೊಟ್ಟು ಬಂದಿದ್ದರು. "ಇದು ನೀವೇ ಹೇಳಿಕೊಂಡ ಮಾತು, ಬೇರೆ ಪುರಾವೆ ತನ್ನಿ" ಎಂದರಂತೆ. "ಊರೆಲ್ಲ ಉಂಡ ಮದುವೆ ಕಣಪ್ಪ, ಇನ್ನೇನು ತರಲಿ?" ಎಂದು ಅವರು ನನ್ನನ್ನು ಕೇಳಿದರು.

ಆ ತಾಯಿಯ ಪ್ರಶ್ನೆಯಲ್ಲಿಯೇ ಉತ್ತರವೂ ಇದೆ. ಉಂಡವರು, ಧಾರೆ ಕಂಡವರು, ಮದುವೆ ಮಾಡಿಸಿದ ಪುರೋಹಿತರು ಸಾಕ್ಷಿ ನುಡಿಯಬಹುದು. ಲಗ್ನಪತ್ರಿಕೆ, ಭಾವಚಿತ್ರ, ರೇಷನ್ ಕಾರ್ಡು, ಮಕ್ಕಳ ಶಾಲೆಯ ದಾಖಲೆ ಅದಕ್ಕೆ ಒತ್ತಾಸೆ. ಬಹುಕಾಲ ದಂಪತಿಗಳಾಗಿ ಬಾಳಿದವರನ್ನು ವಿವಾಹಿತರೆಂದೇ ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆನ್ನುವವರೇ ಅದನ್ನು ರುಜುವಾತುಪಡಿಸಬೇಕು. 1978ರ ಮೊಕದ್ದಮೆಯೊಂದರಲ್ಲಿ, ಸುಮಾರು 50 ವರ್ಷ ಕೂಡಿ ಬಾಳಿದವರ ಮದುವೆಯನ್ನು ಸರ್ವೋಚ್ಚ ನ್ಯಾಯಾಲಯ ಹೀಗೆಯೇ ಎತ್ತಿಹಿಡಿಯಿತು. ಆದರೆ ದ್ವಿಪತ್ನಿತ್ವದ ಅಪರಾಧ ಹೊರಿಸುವಾಗ ಈ ಊಹೆ ಸಾಲದು. ಮದುವೆ ನಡೆದುದನ್ನೇ ತೋರಿಸಬೇಕು.

ಹಾಗಾದರೆ ಶಪಥಪತ್ರ ನಿರರ್ಥಕವೆ? ಅಲ್ಲ. ಬೇರೆ ಪುರಾವೆಗಳೊಡನೆ ಅದು ಊರುಗೋಲಾಗುತ್ತದೆ. ಸುಳ್ಳು ಪ್ರಮಾಣಕ್ಕೆ ಶಿಕ್ಷೆಯೂ ಉಂಟು. ಆದರೆ ಊರುಗೋಲು ಕಾಲಾಗದು.

ನೋಂದಣಿಯಾಗದ ಮಾತ್ರಕ್ಕೆ ಹಿಂದೂ ವಿವಾಹ ಅಸಿಂಧುವಾಗದು. ಆದರೂ ಎಲ್ಲ ಮತದವರ ಮದುವೆಗಳನ್ನೂ ನೋಂದಾಯಿಸಬೇಕೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹಳೆಯ ಮದುವೆಯನ್ನೂ ನೋಂದಾಯಿಸಬಹುದು. ಸಹಪಾಠಿ ಮಿತ್ರರೇ, ಈ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ತಂದೆತಾಯಿಗಳನ್ನು ಸಾಕ್ಷಿಗಳೊಡನೆ ಉಪನೋಂದಣಾಧಿಕಾರಿಗಳ ಕಚೇರಿಗೆ ಕರೆದೊಯ್ಯಿರಿ. ಇಬ್ಬರೂ ಬದುಕಿರುವಾಗ ಹಾಕುವ ಎರಡು ರುಜು, ಒಬ್ಬರೇ ಉಳಿದಾಗ ಅಲೆಯಬೇಕಾದ ಹತ್ತು ಬಾಗಿಲುಗಳನ್ನು ತಪ್ಪಿಸೀತು.