ಮೆಟ್ಟಿಲು ಎಣಿಸಿ ಹೊರಡಿ

ಭದ್ರಾವತಿಯ ನ್ಯೂಟೌನಿನಲ್ಲಿ ಸಂಜೆ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂರುವ ನಮ್ಮ ಗುಂಪಿನಲ್ಲಿ ಹೆಚ್ಚಿನವರು ಕಾರ್ಖಾನೆಯಿಂದ ನಿವೃತ್ತರಾದವರು. ಮೇಷ್ಟ್ರು ನಾನೊಬ್ಬನೇ. ಕಾಶಿ, ರಾಮೇಶ್ವರ, ತಿರುಪತಿ ಎಲ್ಲರಿಗೂ ಆಗಿದೆ. ಈಗ ಬೆಂಗಳೂರಿನಲ್ಲಿರುವ ಮಕ್ಕಳು ಫೋನ್ ಮಾಡಿ, "ಅಪ್ಪಾ, ಅಮ್ಮನ್ನ ಕರ್ಕೊಂಡು ಒಂದ್ಸಲ ಅಂಡಮಾನ್ ನೋಡ್ಕೊಂಡು ಬನ್ನಿ" ಅನ್ನುತ್ತಾರೆ. ಮರುದಿನ ಬೆಂಚಿನ ಹತ್ತಿರ ಬಂದು ಕೇಳುವ ಮೊದಲ ಪ್ರಶ್ನೆ, "ಮೇಷ್ಟ್ರೇ, ಎಷ್ಟು ಖರ್ಚಾಗುತ್ತೆ?" ನಾನು ತಿರುಗಿ ಕೇಳುವುದು ಬೇರೆ: "ನಿಮ್ಮ ಮನೆಯವರು ಕೈ ಹಿಡೀದೆ ಎಷ್ಟು ಮೆಟ್ಟಿಲು ಇಳೀತಾರೆ?"

ಹತ್ತುವುದಲ್ಲ, ಇಳಿಯುವುದು. ಮಂಡಿ ನೋವಿದ್ದವರಿಗೆ ಈ ವ್ಯತ್ಯಾಸ ಗೊತ್ತು. ದ್ವೀಪಕ್ಕೆ ಹೋಗುವುದೆಂದರೆ ಮುಖ್ಯವಾಗಿ ಇಳಿಯುವ ಕೆಲಸ: ವಿಮಾನದಿಂದ ಇಳಿಯಬೇಕು, ವ್ಯಾನಿನಿಂದ ಇಳಿಯಬೇಕು, ದಕ್ಕೆಯಿಂದ ದೋಣಿಗೆ ಇಳಿಯಬೇಕು, ದಂಡೆಯ ಮರಳಿಗೆ ಇಳಿಯಬೇಕು. ಈ ಲೆಕ್ಕ ಮೊದಲು ಬಗೆಹರಿದರೆ ದುಡ್ಡಿನ ಲೆಕ್ಕ ಆಮೇಲೆ ಹೇಗೋ ಆಗುತ್ತದೆ.

ದ್ವೀಪ ಎಂದರೇನು ಎಂದು ತುಮರಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ನಿಂತ ಮೇಲೆ, ಆ ಜನ ಸಾಗರದ ಪೇಟೆಗೆ ಬರಬೇಕಾದರೆ ಲಾಂಚೇ ಗತಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ ಸಿಗಂದೂರಿಗೆ ಹೋದ ನಾವೂ ಬಸ್ಸು ಕಾರುಗಳ ಜೊತೆ ಆ ಲಾಂಚಿನಲ್ಲಿ ನಿಂತವರೇ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಇದೇ ದಡದಲ್ಲಿ. ಅಂಡಮಾನಿನಲ್ಲೂ ಕಥೆ ಅಷ್ಟೇ, ನೀರು ಮಾತ್ರ ಉಪ್ಪು. ನಿಮ್ಮ ಕಾರ್ಯಕ್ರಮವನ್ನು ನೀವೊಬ್ಬರೇ ಬರೆಯುವುದಿಲ್ಲ, ಸಮುದ್ರವೂ ಬರೆಯುತ್ತದೆ. ಅದಕ್ಕೇ ಹಿಂತಿರುಗುವ ವಿಮಾನದ ಹಿಂದಿನ ದಿನ ಯಾವ ದೋಣಿಯನ್ನೂ ನೆಚ್ಚಿಕೊಳ್ಳಬೇಡಿ. ಆ ಹೊತ್ತಿಗೆ ಮುಖ್ಯ ಊರಾದ ಪೋರ್ಟ್ ಬ್ಲೇರಿಗೆ ವಾಪಸ್ ಬಂದಿರಿ.

ಯಾವ ದ್ವೀಪ? ಹತ್ತಿರದ್ದು ಮಲ್ಪೆಯ ಸೇಂಟ್ ಮೇರಿಸ್. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಆರಿ ಕಂಬಗಳಾಗಿ ನಿಂತ ಜಾಗ. ನೋಡಲು ಸೊಗಸು. ಆದರೆ ಅಲುಗಾಡುವ ದೋಣಿ, ಒಣ ಮರಳು, ಏರುಪೇರಾದ ಬಂಡೆ. ಗಟ್ಟಿ ಕಾಲಿನವರಿಗೆ ಸರಿ, ಕೋಲು ಹಿಡಿದವರಿಗೆ ಅಲ್ಲ. ಲಕ್ಷದ್ವೀಪದ ಅಮಿನಿದಿವಿ ಭಾಗ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು ಎಂದರೆ ಈಗಿನ ಮಕ್ಕಳು ನಂಬುವುದಿಲ್ಲ! ಅಲ್ಲಿಗೆ ಹೋಗಲು ಭಾರತೀಯರಿಗೂ ಪರವಾನಗಿ ಬೇಕು. ಹಡಗಿನಲ್ಲಿ ಹೋದರೆ ಹಲವು ದ್ವೀಪಗಳಲ್ಲಿ ನಡುನೀರಿನಲ್ಲೇ ದೊಡ್ಡ ಹಡಗಿನಿಂದ ಸಣ್ಣ ದೋಣಿಗೆ ದಾಟಬೇಕು. ಎಪ್ಪತ್ತು ದಾಟಿದವರಿಗೆ ನಾನು ಅದನ್ನು ಹೇಳುವುದಿಲ್ಲ. ಅಂಡಮಾನಿನಲ್ಲಿ ವಿಮಾನ ಇಳಿದ ಊರಿನಲ್ಲೇ ಲಿಫ್ಟಿರುವ ಹೋಟೆಲು, ದೊಡ್ಡಾಸ್ಪತ್ರೆ, ಕಾರು ಹೋಗುವ ರಸ್ತೆ ಮೂರೂ ಸಿಗುತ್ತವೆ. ಮೊದಲ ಸಲದವರಿಗೆ ಅದೇ ಸರಿ.

ಕಾಲದ ವಿಷಯ. ಶಿವಮೊಗ್ಗದವರಿಗೆ ನಾನು ಹೇಳುವ ಗುರುತು ಕೋರ್ಪಲಯ್ಯನ ಛತ್ರದ ಮಂಟಪ. ತುಂಗೆ ಅದನ್ನು ಮುಳುಗಿಸುವ ತಿಂಗಳುಗಳಲ್ಲಿ ದ್ವೀಪದ ಮಾತೇ ಬೇಡ. ಮುಂಗಾರು ಕೇರಳ ಮುಟ್ಟುವ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ, ಅಂಡಮಾನನ್ನು ಮುಟ್ಟಿರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯ ಚಂಡಮಾರುತಗಳ ಕಾಟ. ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಸಮುದ್ರ ತಕ್ಕಮಟ್ಟಿಗೆ ತಣ್ಣಗಿರುತ್ತದೆ. ಕ್ರಿಸ್‌ಮಸ್ ರಜೆಯ ವಾರ ಬಿಟ್ಟುಬಿಡಿ. ನಿಮಗೆ ವರ್ಷವಿಡೀ ರಜೆ, ಆ ನೂಕುನುಗ್ಗಲಿನಲ್ಲಿ ಏನು ಕೆಲಸ?

ಇನ್ನೊಂದು ಲೆಕ್ಕ ತರಗತಿಯಲ್ಲಿ ಹೇಳಿಕೊಟ್ಟದ್ದೇ, ಆದರೆ ಯಾರಿಗೂ ನೆನಪಿರುವುದಿಲ್ಲ. ಶಿವಮೊಗ್ಗ ಇರುವುದು ಸುಮಾರು 75½ ಡಿಗ್ರಿ ಪೂರ್ವ ರೇಖಾಂಶದಲ್ಲಿ, ಪೋರ್ಟ್ ಬ್ಲೇರ್ ಸುಮಾರು 92½ರಲ್ಲಿ. ವ್ಯತ್ಯಾಸ 17 ಡಿಗ್ರಿ. ಡಿಗ್ರಿಗೆ ನಾಲ್ಕು ನಿಮಿಷದಂತೆ 68 ನಿಮಿಷ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಹಾಗಾಗಿ ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿ, ಐದೂವರೆಗೆ ಕತ್ತಲು. ನಾಲ್ಕಕ್ಕೆ ಕಾಫಿ ಕುಡಿದು ಐದಕ್ಕೆ ಬೀಚಿಗೆ ಹೊರಡೋಣ ಎಂದುಕೊಂಡರೆ ಕತ್ತಲಲ್ಲಿ ಕಾಣದ ಮೆಟ್ಟಿಲು ಇಳಿಯಬೇಕಾಗುತ್ತದೆ. ಬೆಳಿಗ್ಗೆ ಐದಕ್ಕೇ ಎದ್ದು ಕೂರುವ ನಮ್ಮ ವಯಸ್ಸಿನವರಿಗೆ ಇದು ಅನುಕೂಲವೇ. ಆರಕ್ಕೆ ಬೀಚು, ಒಂಬತ್ತಕ್ಕೆ ತಿಂಡಿ, ಬಿಸಿಲೇರುವಾಗ ಕೋಣೆ, ಮಧ್ಯಾಹ್ನ ನಿದ್ದೆ, ಮೂರಕ್ಕೆ ಮತ್ತೆ ಹೊರಗೆ.

ಹೋಗುವ ದಾರಿ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು, ಮೊದಲ ಪ್ರಯಾಣಿಕ ವಿಮಾನ ಇಳಿದದ್ದು ಅದೇ ವರ್ಷ ಆಗಸ್ಟ್ 31ರಂದು. ಅಲ್ಲಿಂದ ಯಾವ ದಿನ ಯಾವ ಊರಿಗೆ ವಿಮಾನ ಎಂಬುದು ಬದಲಾಗುತ್ತಿರುತ್ತದೆ, ಟಿಕೆಟ್ ಮಾಡಿಸುವ ದಿನ ವಿಚಾರಿಸಿ. ನನ್ನ ಮಾತು ಕೇಳಿದರೆ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಒಂದು ರಾತ್ರಿ ಮಲಗಿ, ಮರುದಿನ ಹೊರಡಿ. ರಾತ್ರಿಯಿಡೀ ರೈಲು, ಬೆಳಿಗ್ಗೆ ದೇವನಹಳ್ಳಿಯವರೆಗೆ ಟ್ಯಾಕ್ಸಿ, ಆಮೇಲೆ ಎರಡೂವರೆ ಗಂಟೆ ವಿಮಾನ ಎಂದು ಒಂದೇ ಏಟಿಗೆ ಮುಗಿಸಿದರೆ ಇಳಿಯುವ ಹೊತ್ತಿಗೆ ಪಾದ ಊದಿರುತ್ತದೆ. ಗಾಲಿಕುರ್ಚಿ ಬೇಕಾದರೆ ಟಿಕೆಟ್ ಮಾಡಿಸುವಾಗಲೇ ಹೇಳಿ, ಕೊನೆ ಪಕ್ಷ ಎರಡು ದಿನ ಮೊದಲು. ಅದರಲ್ಲಿ ನಾಚಿಕೆ ಏನಿಲ್ಲ. ನಡೆಯಲು ಬರುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ, ಸೆಕ್ಯುರಿಟಿಯ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲಲು ಬರುತ್ತದೆಯೇ ಎಂಬುದು ಪ್ರಶ್ನೆ.

ಹೆಸರುಗಳ ಗೊಂದಲ ಬೇಡ. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯ ಪುರಂ. ಹ್ಯಾವ್‌ಲಾಕ್ ಈಗ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, ರಾಸ್ ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪ. ಈ ಮೂರು ಬದಲಾದದ್ದು 2018ರ ಡಿಸೆಂಬರಿನಲ್ಲಿ. ಏಜೆಂಟರು ಹಳೆಯ ಹೆಸರನ್ನೇ ಹೇಳುತ್ತಾರೆ, ಟಿಕೆಟಿನಲ್ಲಿ ಹೊಸತು ಇರಬಹುದು.

ಈಗ ನನ್ನದೇ ತಪ್ಪು ಹೇಳುತ್ತೇನೆ. ನಾವು ಮೊದಲ ಸಲ ಹೋದಾಗ ಒಬ್ಬ ಏಜೆಂಟರು ಐದು ದಿನಕ್ಕೆ ಮೂರು ದ್ವೀಪ ತುರುಕಿದ ಪಟ್ಟಿ ಕೊಟ್ಟರು, ನಾನು ಕಣ್ಣುಮುಚ್ಚಿ ಒಪ್ಪಿಕೊಂಡೆ. ದಿನಾ ಬೆಳಿಗ್ಗೆ ಪೆಟ್ಟಿಗೆ ಕಟ್ಟುವುದು, ದಕ್ಕೆಯಲ್ಲಿ ಕಾಯುವುದು, ಹೊಸ ಕೋಣೆ, ಮತ್ತೆ ಪೆಟ್ಟಿಗೆ ಬಿಚ್ಚುವುದು. ಮೂರನೆಯ ದಿನ ನನ್ನ ಹೆಂಡತಿಯ ಬಲ ಮಂಡಿ ಊದಿ, ಅವಳು ವ್ಯಾನಿನಲ್ಲೇ ಕೂತಳು. "ನೀವು ಹೋಗಿ ನೋಡ್ಕೊಂಡ್ ಬನ್ನಿ, ನಾನಿಲ್ಲೇ ಇರ್ತೀನಿ" ಅಂದಳು. ಅಷ್ಟು ದೂರ ಹೋಗಿ ಅವಳು ಹೆಚ್ಚು ಹೊತ್ತು ನೋಡಿದ್ದು ಡ್ರೈವರಿನ ಬೆನ್ನನ್ನು.

ಆಮೇಲೆ ಕಲಿತ ಪಾಠ: ಪೆಟ್ಟಿಗೆ ಎರಡೇ ಸಲ ಬಿಚ್ಚಬೇಕು. ಏಳು ದಿನವಿದ್ದರೆ ಮೊದಲು ಎರಡು ರಾತ್ರಿ ಸ್ವರಾಜ್ ದ್ವೀಪ, ಆಮೇಲೆ ನಾಲ್ಕು ರಾತ್ರಿ ಪೋರ್ಟ್ ಬ್ಲೇರ್. ಅದೂ ಬೇಡವೆನಿಸಿದರೆ ಆರೂ ರಾತ್ರಿ ಒಂದೇ ಕಡೆ ಇರಿ, ಯಾರೂ ಫೇಲ್ ಮಾಡುವುದಿಲ್ಲ. ಹೋಟೆಲಿಗೆ ನೀವೇ ಫೋನ್ ಮಾಡಿ. "ಸೀನಿಯರ್ ಸಿಟಿಜನ್‌ಗೆ ಅನುಕೂಲ ಇದೆಯಾ" ಎಂದು ಕೇಳಬೇಡಿ. ಎಲ್ಲರೂ ಇದೆ ಎನ್ನುತ್ತಾರೆ. ರಸ್ತೆಯಿಂದ ಕೋಣೆಯ ಬಾಗಿಲವರೆಗೆ ಎಷ್ಟು ಮೆಟ್ಟಿಲು, ಕಮೋಡ್ ಪಕ್ಕ ಹಿಡಿದು ಏಳಲು ಗೋಡೆಗೆ ಸರಳು ಇದೆಯಾ, ಸ್ನಾನದ ಜಾಗಕ್ಕೆ ಎತ್ತರದ ಹೊಸಿಲು ಇದೆಯಾ, ಕರೆಂಟ್ ಹೋದರೆ ಲಿಫ್ಟ್ ನಡೆಯುತ್ತಾ ಎಂದು ಒಂದೊಂದಾಗಿ ಕೇಳಿ. ಬಾತ್‌ರೂಮಿನ ಫೋಟೋ ವಾಟ್ಸಾಪಿಗೆ ತರಿಸಿಕೊಳ್ಳಿ. ಹೋಟೆಲಿನವರು ಕಳಿಸುವುದು ಸಾಮಾನ್ಯವಾಗಿ ಬಾಲ್ಕನಿಯ ಫೋಟೋ, ನಮಗೆ ಬೇಕಾದದ್ದು ನೆಲದ ಟೈಲ್ಸ್ ಜಾರುತ್ತದೆಯೋ ಇಲ್ಲವೋ ಕಾಣುವ ಫೋಟೋ.

ದಕ್ಕೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಮಲೆನಾಡಿನ ನಮಗೆ ಅದರ ಅಭ್ಯಾಸವಿಲ್ಲ. ದಕ್ಕೆ ಕಾಂಕ್ರೀಟಿನದು, ಅಲ್ಲಾಡುವುದಿಲ್ಲ. ದೋಣಿ ನೀರಿನ ಮೇಲಿದೆ, ಉಬ್ಬರದಲ್ಲಿ ಏರುತ್ತದೆ, ಇಳಿತದಲ್ಲಿ ಕೆಳಗೆ ಹೋಗುತ್ತದೆ. ಉಬ್ಬರಕ್ಕೂ ಇಳಿತಕ್ಕೂ ಆರು ಗಂಟೆ ಚಿಲ್ಲರೆ ಅಂತರ, ದಿನದಿಂದ ದಿನಕ್ಕೆ ಅವುಗಳ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಮನೆಯ ಹೊಸಿಲಿನಷ್ಟು ಸಲೀಸಾಗಿದ್ದ ಹಲಗೆ ಮಧ್ಯಾಹ್ನ ಕಡಿದಾದ ಇಳಿಜಾರಾಗಿರುತ್ತದೆ. ಅಲೆ ಬಂದಾಗ ಆ ಹಲಗೆ ಉಸಿರಾಡಿದ ಹಾಗೆ ಮೇಲೆ ಕೆಳಗೆ ಆಗುತ್ತದೆ. ಹೆಜ್ಜೆ ಇಡಬೇಕಾದದ್ದು ದೋಣಿ ಮೇಲೆದ್ದು ಒಂದು ಕ್ಷಣ ನಿಂತಾಗ. ಸಿಬ್ಬಂದಿ ಕೈ ಚಾಚಿದರೆ ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ, ಅವರೂ ನಿಮ್ಮ ಮಣಿಕಟ್ಟು ಹಿಡಿಯಲಿ. ಬೆವರಿದ ಬೆರಳು ಜಾರುತ್ತದೆ. ಹೆಗಲಿಗೆ ಚೀಲ ಬೇಡ, ಸೀರೆಯ ನೆರಿಗೆ ಸ್ವಲ್ಪ ಎತ್ತಿ ಸಿಕ್ಕಿಸಿಕೊಳ್ಳಿ; ಚೂಡಿದಾರ್ ಆದರೆ ಇನ್ನೂ ಒಳ್ಳೆಯದು. ಎಲ್ಲರೂ ನುಗ್ಗಿ ಇಳಿಯಲಿ, ನೀವು ಕೊನೆಗೆ ಇಳಿಯಿರಿ. ಸ್ವರಾಜ್ ದ್ವೀಪಕ್ಕೆ ಹೆಚ್ಚು ಕಡಿಮೆ ಎರಡು ಗಂಟೆ. ದೋಣಿಯ ನಡುಭಾಗದ, ಕೆಳ ಅಂತಸ್ತಿನ ಸೀಟು ಕೇಳಿ, ಕುಲುಕಾಟ ಅಲ್ಲಿ ಕಡಿಮೆ. ವಾಂತಿಯ ಮಾತ್ರೆ ಕೆಲವರಿಗೆ ತಲೆ ತಿರುಗಿಸುತ್ತದೆ, ಯಾವುದು ಹೊಂದುತ್ತದೆಂದು ಊರಿನಲ್ಲೇ ಡಾಕ್ಟರನ್ನು ಕೇಳಿ ಇಟ್ಟುಕೊಳ್ಳಿ.

ನೋಡುವುದಕ್ಕೆ ಬೇಕಾದಷ್ಟಿದೆ, ಅರ್ಧ ಬಿಟ್ಟರೂ ನಷ್ಟವಿಲ್ಲ. ಸೆಲ್ಯುಲಾರ್ ಜೈಲು 1906ರಲ್ಲಿ ಕಟ್ಟಿ ಮುಗಿದಾಗ ಏಳು ರೆಕ್ಕೆಗಳಿದ್ದವು, ಈಗ ಉಳಿದಿರುವುದು ಮೂರು. ಮಹಡಿ ಹತ್ತಲಾಗದಿದ್ದರೆ ಬೇಡ. ಕೆಳಗಿನ ಅಂಗಳ, ಗಲ್ಲುಗಂಬದ ಕೋಣೆ ನೋಡಿ, ಸಂಜೆಯ ಧ್ವನಿ–ಬೆಳಕಿನ ಪ್ರದರ್ಶನಕ್ಕೆ ಕುರ್ಚಿಯಲ್ಲಿ ಕೂತರೆ ಸಾಕು. ಜಿ.ಬಿ. ಪಂತ್ ಆಸ್ಪತ್ರೆ ಜೈಲಿನ ಆವರಣಕ್ಕೆ ಅಂಟಿಕೊಂಡೇ ಇದೆ, ಅದನ್ನೂ ಕಣ್ಣಿಟ್ಟು ನೋಡಿಕೊಳ್ಳಿ. ಭದ್ರಾವತಿಯವರಿಗೆ ನಾನು ತಪ್ಪದೆ ಹೇಳುವುದು ಚಾಥಮ್ ಮರದ ಮಿಲ್ಲು. 1883ರದು, ಅದೂ ಒಂದು ಪುಟ್ಟ ದ್ವೀಪ, ಆದರೆ ಸೇತುವೆಯ ಮೇಲೆ ಕಾರಿನಲ್ಲೇ ಹೋಗಬಹುದು. ನಮ್ಮ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಉರಿಸಿದ್ದು ಮಲೆನಾಡಿನ ಮರದ ಇದ್ದಿಲನ್ನೇ ಅಲ್ಲವೇ? ನಮ್ಮ ಗುಂಪಿನ ಒಬ್ಬರು ಆ ಮಿಲ್ಲಿನ ಗರಗಸದ ಎದುರು ಒಂದು ಗಂಟೆ ನಿಂತಿದ್ದರಂತೆ. ಬೀಚಿನ ಬಗ್ಗೆ ಕೇಳಿದರೆ ಮಾತೇ ಇಲ್ಲ.

ಮರಳಿನಲ್ಲಿ ನಡೆಯುವುದಾದರೆ ನೀರು ಈಗಷ್ಟೇ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ನಡೆಯಿರಿ, ಅದು ಗಟ್ಟಿ. ಮಾತ್ರೆ, ಇನ್ಸುಲಿನ್ ಎಲ್ಲಾ ಕೈಚೀಲದಲ್ಲೇ ಇರಲಿ, ಎರಡು ದಿನದ್ದು ಹೆಚ್ಚಿಗೆ. ಕಿಡ್ನಿ ತೊಂದರೆ ಇದ್ದವರು ಎಳನೀರು ಸಿಕ್ಕಿತೆಂದು ಕುಡಿಯುತ್ತಾ ಹೋಗಬಾರದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಹೃದಯದ ಆಪರೇಷನ್, ಕಣ್ಣಿನ ಪೊರೆಯ ಆಪರೇಷನ್ ಈಚೆಗೆ ಆಗಿದ್ದರೆ ಟಿಕೆಟಿಗಿಂತ ಮೊದಲು ಡಾಕ್ಟರು.

ಇದೆಲ್ಲಕ್ಕೂ ಮುಂಚೆ ಒಂದು ಕಿರುಪರೀಕ್ಷೆ ಇದೆ. ಸಾಗರ, ಜೋಗದ ದಾರಿಯಲ್ಲಿ ಹೊನ್ನಾವರಕ್ಕೆ ಹೋಗಿ, ಅಲ್ಲಿ ಕಾಸರಕೋಡ ಬೀಚಿದೆ. ಕೇರಳದ ಕಾಸರಗೋಡಲ್ಲ, ನಮ್ಮ ಶರಾವತಿ ಸಮುದ್ರ ಸೇರುವ ಕಡೆಯದು. 2020ರಲ್ಲಿ ಇದಕ್ಕೂ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಆ ಮಾನ್ಯತೆಗೆ ನೋಡುವ ವಿಷಯಗಳಲ್ಲಿ ಶುಚಿ ಶೌಚಾಲಯ, ಜೀವರಕ್ಷಕರು, ಅಂಗವಿಕಲರು ಬಂದು ಹೋಗುವ ಅನುಕೂಲ ಎಲ್ಲವೂ ಸೇರಿವೆ. ಗಂಡ ಹೆಂಡತಿ ಇಬ್ಬರೇ ಹೋಗಿ, ಒಂದು ರಾತ್ರಿ ಹೊನ್ನಾವರದಲ್ಲಿ ಉಳಿದು, ಬೆಳಿಗ್ಗೆ ಅರ್ಧ ಗಂಟೆ ಮರಳಲ್ಲಿ ನಡೆದು ಬನ್ನಿ. ಊರಿಗೆ ಬಂದ ಮರುದಿನ ಹಾಸಿಗೆಯಿಂದ ಏಳುವಾಗ ಮಂಡಿ ಏನು ಹೇಳುತ್ತದೆ ಎಂದು ಕೇಳಿ. ಸುಮ್ಮನಿದ್ದರೆ ಮಕ್ಕಳಿಗೆ ಫೋನ್ ಮಾಡಿ, ಜನವರಿಗೆ ಟಿಕೆಟ್ ಮಾಡಿಸಿ.